ನಾಲ್ಕಿಲ್ಲದ ಪೆಟ್ಟಿಗೆ

ಡಿಸ್ಕು ಕೆಟ್ಟಿತೆಂದು ಸ್ವೀ ಗ್ವಾನನಿಗೆ ಸಿಟ್ಟು ಬಂದಿರಲಿಲ್ಲ. ಡಿಸ್ಕು ಎಂದಮೇಲೆ ಒಂದಲ್ಲ ಒಂದು ದಿನ ಕೆಡುತ್ತದೆ, ಅಷ್ಟು ತಿಳಿವಳಿಕೆ ಅವನಿಗಿತ್ತು. ಅವನ ಪಿತ್ತ ನೆತ್ತಿಗೇರಿದ್ದು ಹೆಂಡತಿ ಗೆಕ್ ಲಿಯಾನ್ ಕೋಣೆಯ ಬಾಗಿಲಲ್ಲಿ ನಿಂತು, ಅಕ್ಕಿಹಿಟ್ಟು ಮೆತ್ತಿದ ಕೈಯನ್ನು ಸೊಂಟಕ್ಕಿಟ್ಟುಕೊಂಡು ಆಡಿದ ಒಂದು ಮಾತಿಗೆ.

“ಮೊದ್ಲು ಸ್ವಿಚ್ ಆರ್ಸಿ. ಆಮೇಲೆ ಕೈ ಹಾಕಿ.”

ಯಾರಿಗೆ ಹೇಳುತ್ತಿದ್ದಾಳೆ ಇವಳು? ಮಲೇಶಿಯಾದ ಮಲಾಕ್ಕಾ ಊರಿನ ಬ್ಯಾಂಕೊಂದರ ಕಂಪ್ಯೂಟರ್ ಕೋಣೆಯಲ್ಲಿ ತಲೆಗೂದಲು ಉದುರುವವರೆಗೆ ಸೇವೆ ಸಲ್ಲಿಸಿ, ಹಾರ ಹಾಕಿಸಿಕೊಂಡು ನಿವೃತ್ತನಾದ ಮಹನೀಯನಿಗೆ.

“ಆರ್ಸೋದಾ?” ಎಂದ ಸ್ವೀ ಗ್ವಾನ್. “ಓಡ್ತಾ ಇರೋವಾಗ್ಲೇ ಕೆಟ್ಟಿದ್ದನ್ನ ತೆಗ್ದು ಒಳ್ಳೇದನ್ನ ಹಾಕೋಕೆ ಅಂತಾನೇ ಮಾಡಿರೋ ಪೆಟ್ಟಿಗೆ ಕಣೇ ಇದು. ಬ್ಯಾಂಕಲ್ಲಿ ಡಿಸ್ಕು ಕೆಟ್ಟಾಗೆಲ್ಲ ಊರೋರಿಗೆ ‘ಇವತ್ತು ಬ್ಯಾಂಕಿಲ್ಲ, ಮನೆಗ್ ಹೋಗಿ’ ಅಂತಿದ್ನಾ ನಾನು?”

“ಅಲ್ಲಿ ಬೇರೆ ಜನಾನೂ ಇದ್ರಲ್ಲ.”

“ಇದ್ರು. ನಾನು ಮಾಡೋದನ್ನ ನೋಡ್ತಾ ನಿಂತಿರ್ತಿದ್ರು.”

(ನಿಂತು ನೋಡುತ್ತಿದ್ದವನು ಸ್ವೀ ಗ್ವಾನನೇ. ಡಿಸ್ಕು ಬದಲಿಸಲು ಬರುತ್ತಿದ್ದವರು ಹೊರಗಿನ ಕಂಪನಿಯವರು. ಅವರಿಗೆ ಬಾಗಿಲು ತೆರೆಯುವುದು, ಶೂ ಬಿಚ್ಚಿಸುವುದು, ಏಸಿ ಸರಿಯಾಗಿ ಓಡುತ್ತಿದೆಯೇ ಎಂದು ನೋಡಿಕೊಳ್ಳುವುದು ಇವನ ಘನಕಾರ್ಯ. ಆದರೆ ಅಷ್ಟು ವರ್ಷ ಅಷ್ಟು ಹತ್ತಿರದಿಂದ ನೋಡಿದ್ದು ಮಾಡಿದ್ದಕ್ಕೆ ಸಮ ಎಂಬುದು ಅವನ ದೃಢವಾದ ಅಭಿಪ್ರಾಯ.)

ಪೆಟ್ಟಿಗೆಯ ವಿಚಾರ ಇಷ್ಟು. ಕಂಪ್ಯೂಟರಿನ ಕಡತಗಳನ್ನೆಲ್ಲ ಕೂಡಿಡುವ ಯಂತ್ರ ಅದು. ಅದರ ಹೊಟ್ಟೆಯಲ್ಲಿ ಸಾಲಾಗಿ ಐದು ಡಿಸ್ಕುಗಳು. ಯಾವುದೇ ಒಂದು ಸತ್ತರೂ ಉಳಿದವು ಅದರ ಪಾಲಿನ ಹೊರೆಯನ್ನೂ ಹೊತ್ತುಕೊಂಡು, ಏನೂ ಆಗಿಲ್ಲವೆಂಬಂತೆ ಸಂಸಾರ ನಡೆಸುತ್ತವೆ. ಸತ್ತದ್ದನ್ನು ಎಳೆದು ಹೊಸದನ್ನು ತೂರಿಸಿದರೆ ಅದಕ್ಕೂ ಪಾಠ ಹೇಳಿಕೊಟ್ಟು ಮತ್ತೆ ಐದಾಗುತ್ತವೆ. ಆದರೆ ಒಂದು ಸತ್ತಿರುವಾಗಲೇ ಇನ್ನೊಂದು ಕೈಕೊಟ್ಟಿತೋ, ಒಳಗಿದ್ದದ್ದೆಲ್ಲ ಗೋವಿಂದ.

ಒಳಗೆ ಇದ್ದದ್ದು ಗೆಕ್ ಲಿಯಾನಳ ತಾಯಿಯ ಕೈಗಳು. ಬೀದಿಯವರೆಲ್ಲ ಬಿಬಿಕ್ ಎಂದು ಕರೆಯುವ ಆ ಮುದುಕಿ ಚೀನೀ-ಮಲಯ ಬೆರಕೆಯ ನ್ಯೋನ್ಯಾ ಅಡುಗೆಯಲ್ಲಿ ಎತ್ತಿದ ಕೈ, ಆದರೆ ಅವರ ಅಡುಗೆಗೆ ಅಳತೆಯೆಂಬುದೇ ಇಲ್ಲ. ತಾಳೆಬೆಲ್ಲ ಎಷ್ಟು ಎಂದು ಕೇಳಿದರೆ “ಅಗಾಕ್-ಅಗಾಕ್”, ತೆಂಗಿನಹಾಲು ಎಷ್ಟು ಎಂದರೂ “ಅಗಾಕ್-ಅಗಾಕ್”. ಎಲ್ಲವೂ ಕೈಯಂದಾಜು, ಕಣ್ಣಂದಾಜು. ಬರೆದಿಟ್ಟುಕೊಳ್ಳಲು ಏನೂ ಇಲ್ಲದ್ದರಿಂದ ಗೆಕ್ ಲಿಯಾನ್ ತಾಯಿಯ ಕಾಲು ಹಿಡಿದು, ಗಲ್ಲ ಹಿಡಿದು, ಒಂದೊಂದು ತಿನಿಸು ಮಾಡುವಾಗಲೂ ಆ ಕೈಗಳ ವಿಡಿಯೊ ತೆಗೆದಿದ್ದಳು. ಅದನ್ನೇ ಪರದೆಯ ಮೇಲೆ ತೋರಿಸುತ್ತ ಕೌಲಾಲಂಪುರ, ಸಿಂಗಾಪುರದ ಹೆಂಗಸರಿಗೆ ಪಾಠ ಹೇಳುತ್ತಿದ್ದಳು. ಬಿಬಿಕ್ ಮಾತ್ರ ಕೊನೆಯ ತಿನಿಸು ಮುಗಿದ ದಿನವೇ ಕೈ ಕೊಡವಿ, “ಆಯ್ತಲ್ಲ? ಇನ್ನೊಂದ್ಸಲ ಆ ಕ್ಯಾಮೆರಾ ತಂದ್ರೆ ಸೌಟಲ್ಲೇ ಹೊಡೀತೀನಿ” ಎಂದುಬಿಟ್ಟಿದ್ದರು.

“ಅಮ್ಮನ ವಿಡಿಯೊ ಎಲ್ಲ ಅದ್ರಲ್ಲೇ ಇದೆ ಕಣ್ರೀ,” ಎಂದಳು ಗೆಕ್ ಲಿಯಾನ್. “ಬೇರೆಲ್ಲಾದ್ರೂ ಒಂದು ನಕಲು ಇಟ್ಕೊಂಡು ಆಮೇಲೆ ಮಾಡಿದ್ರೆ ಆಗಲ್ವಾ?”

“ನಕಲು? ಐದು ಡಿಸ್ಕು ಇರೋದು ಮತ್ಯಾಕೆ, ಶೋಕಿಗಾ? ಈ ಪೆಟ್ಟಿಗೆಗೆ ನಕಲು ಮಾಡೋದು ಅಂದ್ರೆ ನನಗೆ ಅವಮಾನ ಮಾಡಿದ ಹಾಗೆ.”

ಗೆಕ್ ಲಿಯಾನ್ ಇನ್ನೇನೋ ಹೇಳುವವಳಿದ್ದಳು. ಆದರೆ ಹಜಾರದಲ್ಲಿ ಪಾಠ ನಡೆದಿತ್ತು, ಪರದೆಯ ಆಚೆ ಹೆಂಗಸರು ಹಿಟ್ಟು ನಾದಿಕೊಂಡು ಕಾಯುತ್ತಿದ್ದರು. ಹೋಗುವ ಮುಂಚೆ ಗಂಡನನ್ನು ಒಮ್ಮೆ ದಿಟ್ಟಿಸಿ ನೋಡಿ ಹೋದಳು. ಆ ನೋಟವೂ ಅವನಿಗೆ ಹಿಡಿಸಲಿಲ್ಲ.

ಪೆಟ್ಟಿಗೆ ಒಂದೇ ಸಮನೆ ಕೀ ಕೀ ಎನ್ನುತ್ತಿತ್ತು. ‘ಐದನೇ ಡಿಸ್ಕು ಕೆಟ್ಟಿದೆ, ಬದಲಿಸಿ’ ಎಂದು ಅವನ ಫೋನಿಗೆ ಸಂದೇಶವನ್ನೂ ಕಳಿಸಿತ್ತು. ಸ್ವೀ ಗ್ವಾನ್ ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯ ಮುಂದೆ ವೀರಾಸನ ಹಾಕಿ ಕುಳಿತ. ಅದು ಮನೆಗೆ ಬಂದ ದಿನವೇ, ಮೂತಿಯ ಮೇಲಿನ ದೀಪಗಳು ಮಿಣಮಿಣ ಎಂದು ನಿದ್ದೆಗೆಡಿಸುತ್ತವೆಂದು, ಒಂದೊಂದು ದೀಪದ ಮೇಲೂ ಹೊಸವರ್ಷದ ಕೆಂಪು ಕಾಗದ ಅಂಟಿಸಿ, ಬಂಗಾರದ ಬಣ್ಣದಲ್ಲಿ ನಂಬರು ಬರೆದಿದ್ದವನು ಅವನೇ. ಒಂದು, ಎರಡು, ಮೂರು, ಐದು, ಆರು.

ನಾಲ್ಕು ಎಲ್ಲಿ ಎಂಬ ಪ್ರಶ್ನೆ ಆ ಮನೆಯಲ್ಲಿ ಹುಟ್ಟುವುದೇ ಇಲ್ಲ. ಚೀನೀಯರ ಬಾಯಲ್ಲಿ ನಾಲ್ಕು ಎಂದರೂ ಸಾವು ಎಂದರೂ ಹೆಚ್ಚುಕಡಿಮೆ ಒಂದೇ ಸದ್ದು, ಅದು ಸಾವಿನ ನಂಬರು; ಅದನ್ನು ಮನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ? ಅವನ ಮಗಳ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾಲ್ಕಿಲ್ಲ, ಅವನ ಕಾರಿನ ನಂಬರಿನಲ್ಲಿಲ್ಲ, ಫೋನಿನ ನಂಬರಿನಲ್ಲಂತೂ ಇಲ್ಲವೇ ಇಲ್ಲ. ಮೂರಾದ ಮೇಲೆ ಐದು ಬರುವುದು ಸ್ವೀ ಗ್ವಾನನಿಗೆ ಉಸಿರಾಡಿದಷ್ಟೇ ಸಹಜವಾಗಿತ್ತು.

ಐದು ಎಂದು ಬರೆದಿದ್ದ ಗೂಡಿನ ಹಿಡಿ ಒತ್ತಿ, ಡಿಸ್ಕನ್ನು ಹೊರಗೆಳೆದ. ಕೀ ಕೀ ಸದ್ದು ನಿಂತಿತು.

“ನೋಡಿದ್ಯಾ, ಬಾಯಿ ಮುಚ್ಕೊಂಡ್ತು,” ಎಂದು ಹಜಾರಕ್ಕೆ ಕೇಳುವಂತೆ ಹೇಳಿದ.

“ರೀ, ಪರದೆ ಮೇಲೆ ಅಮ್ಮನ ಕೈ ನಿಂತೋಯ್ತು.”

“ಇಂಟರ್ನೆಟ್ಟು ಕಣೇ. ಎಲ್ಲಾದಕ್ಕೂ ನನ್ನೇ ಕೇಳ್ಬೇಡ.”

ಹೊಸ ಡಿಸ್ಕನ್ನು ತೂರಿಸಿದ. ಈಗ ಪೆಟ್ಟಿಗೆ ಫೋನಿನಲ್ಲಿ ಏನೋ ಉದ್ದಕ್ಕೆ ಬರೆದು, ‘ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಲೇ?’ ಎಂದು ಕೇಳಿತು. ಸ್ವೀ ಗ್ವಾನ್ ‘ಶುರು ಮಾಡಲೇ’ ಎಂಬುದನ್ನಷ್ಟೇ ಓದಿ ‘ಹೌದು’ ಒತ್ತಿದ. ‘ಖಂಡಿತವಾಗಿಯೂ?’ ಎಂದಿತು. ಅನುಭವಸ್ಥನನ್ನು ಎಷ್ಟು ಸಲ ಕೇಳುವುದು? ಹಲ್ಲು ಕಚ್ಚಿ ‘ಹೌದು’ ಒತ್ತಿದ. ‘ಈ ಕೆಲಸವನ್ನು ಹಿಂತೆಗೆದುಕೊಳ್ಳಲಾಗದು’ ಎಂದಿತು. “ಹಿಂತೆಗೆದುಕೊಳ್ಳೋ ಜಾಯಮಾನ ನಂದಲ್ಲ” ಎಂದು ಯಂತ್ರಕ್ಕೇ ಉತ್ತರ ಹೇಳಿ, ಮೂರನೆಯ ಸಲ ಒತ್ತಿದ.

ಪೆಟ್ಟಿಗೆ ಬಹಳ ಹೊತ್ತು ಗರಗರ ಎಂದು, ಕೊನೆಗೆ ‘ಸ್ವಾಗತ’ ಎಂದಿತು. ಸ್ವೀ ಗ್ವಾನನಿಗೆ ಅದ್ಯಾಕೋ ಆ ಸ್ವಾಗತ ಸರಿಕಾಣಲಿಲ್ಲ. ಆರು ಎಂದು ಬರೆದಿದ್ದ ಕೆಂಪು ಕಾಗದದ ಅಂಚಿನಲ್ಲಿ ಏನೋ ಹೊಳೆದಂತಾಯಿತು. ಉಗುರಿನಿಂದ ಕಾಗದ ಕಿತ್ತ. ಅಡಿಯಲ್ಲಿ ಕೆಂಪು ದೀಪ ಕೆಂಡದಂತೆ ಉರಿಯುತ್ತಿತ್ತು. ಎಡಗಡೆಯಿಂದ ಗೂಡುಗಳನ್ನು ಬೆರಳು ಮಡಚಿ ಎಣಿಸಿದ. ಆರು ಎಂದು ಬರೆದದ್ದು ಐದನೆಯ ಗೂಡು. ಅವನು ಕಿತ್ತು ಕೈಯಲ್ಲಿ ಹಿಡಿದಿದ್ದು ಆರೋಗ್ಯವಾಗಿದ್ದ ನಾಲ್ಕನೆಯ ಡಿಸ್ಕು.

ಮರುಕ್ಷಣವೇ ಭಯವೆಲ್ಲ ಸಿಟ್ಟಾಯಿತು. ಡಿಸ್ಕನ್ನು ಎತ್ತಿ ಹಿಡಿದುಕೊಂಡೇ ಹಜಾರಕ್ಕೆ ನುಗ್ಗಿದ.

“ಇದು ಮೋಸ. ನಾಲ್ಕನ್ನೂ ಲೆಕ್ಕಕ್ಕೆ ಹಿಡಿಯೋ ಯಂತ್ರಾನ ಮಾನವಂತರ ಮನೆಗೆ ಮಾರ್ತಾರಲ್ಲ, ಅವರಿಗೆ ಏನನ್ಬೇಕು?”

ಗೆಕ್ ಲಿಯಾನ್ ವಿದ್ಯಾರ್ಥಿನಿಯರಿಗೆ “ಒಂದ್ನಿಮಿಷ” ಎಂದು ಪರದೆ ಮುಚ್ಚಿದಳು. “ಏನು ಮಾಡಿದ್ರಿ?”

“ನಾನೇನು ಮಾಡ್ದೆ? ಅದು ಐದು ಅಂತು, ನಾನು ಐದನ್ನ ತೆಗ್ದೆ. ಐದು ಅಂತ ನನ್ನ ಕೈಯಾರೆ ಬರ್ದಿದ್ದೆ.”

“ಅಮ್ಮನ ವಿಡಿಯೊ?”

“ನೀನಾದ್ರೂ ಆ ಚೀಟಿ ತಪ್ಪು ಅಂತ ಹೇಳ್ಬಹುದಿತ್ತು. ದಿನಾ ಅಲ್ಲೇ ಧೂಳು ಹೊಡೀತೀಯ.”

“ರೀ, ಅಮ್ಮನ ವಿಡಿಯೊ ಇದ್ಯಾ ಇಲ್ವಾ?”

ಸ್ವೀ ಗ್ವಾನ್ ಡಿಸ್ಕನ್ನು ಬೆನ್ನ ಹಿಂದೆ ಅಡಗಿಸಿದ. ಗೆಕ್ ಲಿಯಾನ್ ಜಗಳವಾಡಲಿಲ್ಲ. ಕುರ್ಚಿಯ ಮೇಲೆ ಕುಳಿತು, ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. “ಅಮ್ಮಂಗೆ ಕಣ್ಣು ಮಂಜಾಗ್ತಿದೆ,” ಎಂದಳು. “ಇನ್ಯಾವಾಗ ಮಾಡ್ತಾಳೆ? ಇನ್ಯಾರಿಗೆ ಬರುತ್ತೆ ಅದೆಲ್ಲ?” ಅವಳು ಬೈದಿದ್ದರೆ ಅವನು ನೂರು ಮಾತು ಎದುರಾಡುತ್ತಿದ್ದ. ಹೀಗೆ ಅತ್ತರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೈಯಲ್ಲಿದ್ದ ಡಿಸ್ಕು ಇನ್ನೂ ಬೆಚ್ಚಗಿತ್ತು.

ಅಡುಗೆಮನೆಯಲ್ಲಿ ಸಂಬಾಲ್ ಚಟ್ನಿ ಕುಟ್ಟುತ್ತಿದ್ದ ಸದ್ದು ನಿಂತು, ಬಿಬಿಕ್ ಬಾಗಿಲಿಗೆ ಬಂದರು.

“ನನ್ನ ಕೈಗಳು ಹೋದ್ವಂತೆ?”

“ಮಾಕ್, ಅದು ನಾಲ್ಕನೇದು...” ಎಂದು, ಅತ್ತೆಯನ್ನೂ ಅಮ್ಮ ಎಂದೇ ಕರೆಯುವ ಅಳಿಯ ತಡವರಿಸಿದ.

“ನಾಲ್ಕು ಬರೀದೇ ಇದ್ದಿದ್ದು ಸರೀನೇ. ಬರ್ದಿದ್ರೆ ಪೆಟ್ಟಿಗೇನ ಮನೆ ಒಳಗೇ ಬಿಡ್ತಿರ್ಲಿಲ್ಲ ನಾನು. ಆದ್ರೆ ಕೀಳೋ ಮುಂಚೆ ಕೆಟ್ಟಿರೋದು ಯಾವುದು ಅಂತ ನೋಡ್ಬೇಕೋ ಬೇಡ್ವೋ? ಹಲ್ಲು ಕೀಳೋನೂ ನೋಡಿ ಕೀಳ್ತಾನೆ.” ಮಗಳ ಕಡೆ ತಿರುಗಿದರು. “ಅಳ್ಬೇಡ ಸುಮ್ನಿರು. ಕ್ಯಾಮೆರಾ ತೆಗಿ. ಮೊದಲನೇದ್ರಿಂದ ಮತ್ತೆ ಎಲ್ಲಾ ಮಾಡ್ತೀನಿ. ಆದ್ರೆ ನನ್ನ ತೋಳಲ್ಲಿ ಮೊದಲಿನ ಕಸುವಿಲ್ಲ. ರುಬ್ಬೋದು, ಹಿಂಡೋದು, ತಿರುವೋದು ಎಲ್ಲಾ ಇವನು ಮಾಡ್ಬೇಕು.”

ಗೆಕ್ ಲಿಯಾನ್ ಮುಖದಿಂದ ಕೈ ತೆಗೆದಳು. ಮೂಗಿನ ತುದಿಯಲ್ಲಿ ಹಿಟ್ಟಿತ್ತು. ಸ್ವೀ ಗ್ವಾನನಿಗೆ ಬದುಕಿದೆಯಾ ಬಡಜೀವವೇ ಎನ್ನಿಸಿತು, ಮೊದಲನೆಯ ತಿನಿಸು ದೋದೋಲ್ ಎಂದು ಗೊತ್ತಾಗುವವರೆಗೆ.

ದೋದೋಲ್ ಎಂದರೆ ಅಂಟಕ್ಕಿಯ ಹಿಟ್ಟು, ತೆಂಗಿನಹಾಲು, ತಾಳೆಬೆಲ್ಲ ಸೇರಿಸಿ, ದೊಡ್ಡ ಬಾಣಲೆಯಲ್ಲಿ, ಅದು ಕಪ್ಪಗೆ ಗಟ್ಟಿಯಾಗುವವರೆಗೆ ಮರದ ಹುಟ್ಟಿನಿಂದ ತಿರುವುತ್ತಲೇ ಇರುವ ಶಿಕ್ಷೆ. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಇದ್ದಿಲು ಒಲೆ ಹೊತ್ತಿತು. ಗೆಕ್ ಲಿಯಾನ್ ಕ್ಯಾಮೆರಾ ಹಿಡಿದಳು. ಬಿಬಿಕ್ ಹಿಡಿಹಿಡಿ ಬೆಲ್ಲ ಹಾಕಿ ಸರಿದು ನಿಂತರು. ಸ್ವೀ ಗ್ವಾನ್ ಬನಿಯನ್ನಿನಲ್ಲಿ ರಂಗಪ್ರವೇಶ ಮಾಡಿದ.

ಮೊದಮೊದಲು ಅದು ಪಾಯಸದಂತೆ ಸಲೀಸಾಗಿ ತಿರುಗಿತು. ಇಷ್ಟೇ ತಾನೆ ಎಂದುಕೊಂಡು ಕ್ಯಾಮೆರಾ ನೋಡಿ ನಕ್ಕ ಕೂಡ. ಆಮೇಲೆ ಅದು ಹುಟ್ಟನ್ನು ಹಿಡಿದುಕೊಂಡು ಬಿಡಲೊಲ್ಲದಾಯಿತು. ಭುಜ ಉರಿಯಿತು, ಬೆನ್ನು ಬಿಗಿಯಿತು, ಬೆವರು ಕಣ್ಣಿಗಿಳಿಯಿತು.

“ಮಾಕ್, ಒಂದ್ಗಳಿಗೆ ಬಾಣಲೆ ಇಳ್ಸೋಣ,” ಎಂದ.

“ನಿಂತ್ರೆ ತಳ ಹಿಡೀತದೆ. ತಿರುಗ್ಸು.”

“ತೋಳು ಬಿದ್ದೋಗ್ತಿದೆ. ಕಾಂಟ್ರಾಕ್ಟಿನವರೂ ಹೀಗೆ ದುಡಿಸ್ಕೊಳ್ಳಲ್ಲ.”

“ಯಾವ ತೋಳು?” ಎಂದಳು ಕ್ಯಾಮೆರಾದ ಹಿಂದಿನಿಂದ ಗೆಕ್ ಲಿಯಾನ್. “ಸರಿಯಾಗಿ ನೋಡಿ ಹೇಳಿ.”

ಇಂಥ ಮಾತಿಗೆ ತಕ್ಕ ಉತ್ತರ ಕೊಡಬೇಕೆಂದು ಸ್ವೀ ಗ್ವಾನ್ ಅವಳ ಕಡೆ ತಿರುಗಿದ. ತಿರುಗಿದ್ದೇ ತಪ್ಪಾಯಿತು, ಹುಟ್ಟಿನ ಓಟ ತಗ್ಗಿತು. ಅಷ್ಟರಲ್ಲಿ ಬಿಬಿಕ್ ಪಕ್ಕಕ್ಕೆ ಬಂದು, ಅವನ ಕೈಗಳ ಮೇಲೆಯೇ ತಮ್ಮ ಕೈಯಿಟ್ಟು, ಒಂದು ಸುತ್ತು ಅವನ ಜೊತೆಗೇ ತಿರುವಿ, ಸೊಂಟದಿಂದ ಅವನನ್ನು ಮೆಲ್ಲಗೆ ಆಚೆ ತಳ್ಳಿದರು. ಹುಟ್ಟು ನಿಲ್ಲಲಿಲ್ಲ, ದೋದೋಲಿಗೆ ಏನೂ ಗೊತ್ತಾಗಲಿಲ್ಲ. ಕಸುವಿಲ್ಲ ಎಂದಿದ್ದ ಆ ತೋಳುಗಳು ಬಾಣಲೆಯನ್ನು ಗರಗರ ತಿರುವುತ್ತಿದ್ದವು. ಸ್ವೀ ಗ್ವಾನ್ ಮೆಟ್ಟಿಲ ಮೇಲೆ ಕುಸಿದು, ಏದುಸಿರು ಬಿಡುತ್ತ, ಕೈಯಾಡದೆ ಕುಳಿತ.

“ನೋಡಿದ್ರಲ್ಲ,” ಎಂದು ಗೆಕ್ ಲಿಯಾನ್ ಮುಂದೆ ಪಾಠ ಕೇಳಲಿರುವವರಿಗೆ ಮೃದುವಾಗಿ ವಿವರಿಸಿದಳು. “ಕೆಟ್ಟಿದ್ದನ್ನ ತೆಗೆಯೋದು ಹೀಗೆ.”

ಸ್ವೀ ಗ್ವಾನನಿಗೆ ಮೈಯೆಲ್ಲ ಉರಿದುಹೋಯಿತು. ಇದು ಯಾವ ನ್ಯಾಯ? ಮನೆಯ ಯಜಮಾನನನ್ನು, ಅದೂ ಬನಿಯನ್ನಿನಲ್ಲಿರುವಾಗ, ಊರ ಹೆಂಗಸರ ಮುಂದೆ ಹೀಗೆ ಮಾಡುವುದೇ? ಸಂಜೆ ದೋದೋಲ್ ತಣಿಯುವವರೆಗೆ ಕಾದು, ಸಿಟ್ಟನ್ನು ನುಂಗಿಕೊಂಡು, ಹೆಂಡತಿಯ ಬಳಿ ಹೋಗಿ ನಿಂತ.

“ಆ ತಳ್ಳಿದ್ದು ಇದ್ಯಲ್ಲ,” ಎಂದ, “ಅಷ್ಟನ್ನ ಮಾತ್ರ ಅಳ್ಸಿಬಿಡೇ.”

“ಅಯ್ಯೋ, ಈಗ್ಲೇ ಅಕ್ಕನ ಮನೇಲೊಂದು, ಮಗಳ ಹತ್ರ ಒಂದು, ನನ್ನ ಬೀರೂಲೊಂದು ನಕಲು ಇಟ್ಟಾಯ್ತಲ್ರೀ,” ಎಂದಳು ಗೆಕ್ ಲಿಯಾನ್.