ಮೂಲೆ ಮುಕ್ಕಾದ ಮಾದರಿ

ತೂಕ ಮತ್ತು ಅಳತೆ ಕಚೇರಿಯ ನೆಲಕ್ಕೂ ಗೋಡೆಗೂ ಹೊಳಪಿನ ಪೋರ್ಸಲೀನ್ ಟೈಲ್ಸ್ ಹಾಕಿಸತಕ್ಕದ್ದೆಂದು ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು. ಸಭೆಯಲ್ಲಿ ಇದ್ದವರು ಸಾಹೇಬರೊಬ್ಬರೇ. ಆದರೂ ಅವರು ಶಿಸ್ತಿನ ಮನುಷ್ಯ. ತಾವೇ ಸೂಚಿಸಿ, ತಾವೇ ಅನುಮೋದಿಸಿ, ವಿರೋಧ ಇದ್ದವರು ಕೈ ಎತ್ತಿ ಎಂದು ಗಟ್ಟಿಯಾಗಿ ಕೇಳಿ, ಸುತ್ತ ಒಮ್ಮೆ ಕಣ್ಣಾಡಿಸಿ, ಆಮೇಲೆಯೇ ಕುರ್ಚಿಯಿಂದ ಎದ್ದರು.

ಹಳೆಯ ನೆಲ ಸಾಮಾನ್ಯದ ನೆಲವಲ್ಲ. ಅದರ ಗುಂಡಿಯೊಂದಕ್ಕೆ ಟಪಾಲು ಗುಮಾಸ್ತರ ಎಡಗಾಲಿನ ಚಪ್ಪಲಿ ಬಿದ್ದದ್ದು ಅವರು ನಿವೃತ್ತರಾಗುವ ತನಕ ಸಿಗಲಿಲ್ಲ. ನಿವೃತ್ತರಾದ ದಿನ ಸಿಕ್ಕಿತು, ಆದರೆ ಅಷ್ಟರಲ್ಲಿ ಇಲಾಖೆ ಅದನ್ನು ತನ್ನ ಸ್ವತ್ತೆಂದು ಸೇರಿಸಿಕೊಂಡಿತ್ತು. ಗೋಡೆಯ ಸುಣ್ಣವೂ ಕಡಿಮೆಯದಲ್ಲ; ಅದಕ್ಕೆ ಒರಗಿ ನಿಂತವನು ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲು ತೆಗೆಯದೆ ಯಾರು ನೀವು ಎಂದು ಕೇಳುತ್ತಿದ್ದಳು.

ಆ ಕಚೇರಿಯ ಜವಾನನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಯಂ ಎಂದು. ಹಂಗಾಮಿಯಾಗಿ ಕೆಲಸಕ್ಕೆ ಸೇರಿ, ಕಪ್ಪು ಕೂದಲೆಲ್ಲ ಬಿಳಿಯಾಗಿ, ಬಿಳಿಯದೂ ಉದುರತೊಡಗಿದರೂ ಹಂಗಾಮಿಯಾಗಿಯೇ ಉಳಿದದ್ದರಿಂದ ಅವನಿಗೆ ಆ ಹೆಸರು ಬಂದಿತ್ತು. ಕಚೇರಿಯಲ್ಲಿ ಅವನ ಪಾಲಿಗೆ ಕಾಯಂ ಆದದ್ದು ಅದೊಂದೇ. ಸಾಹೇಬರು ಅವತ್ತು ಅವನನ್ನು ಕರೆದು ಹೇಳಿದರು: “ಈ ಟೈಲ್ಸ್ ಕೆಲಸ ತಂಟೆಯಿಲ್ಲದೆ ಮುಗೀಲಿ, ನಿನ್ನ ಕಾಯಂ ಆದೇಶಕ್ಕೆ ನಾನೇ ಸಹಿ ಹಾಕ್ತೀನಿ. ಆದರೆ ಇಲಾಖೆಯ ಸಾಮಾನು ಒಂದು ಚೂರು ಮುಕ್ಕಾದರೂ ಅವತ್ತೇ ಮನೆಗೆ. ತಿಳೀತಾ?”

“ತಿಳೀತು ಸಾರ್. ಹೂವಿನ ಹಾಗೆ ನೋಡ್ಕೋತೀನಿ,” ಎಂದ ಕಾಯಂ. ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಹೆಂಡತಿ ತಂಗಿಗೆ ಹೇಳಿದಳು. ಸಂಜೆಯೊಳಗೆ ಬೀದಿಗೆ ಬೀದಿಯೇ ಅವನನ್ನು ಕಾಯಂ ಮಾಡಿ ಮುಗಿಸಿತ್ತು.

ಇಲ್ಲಿ ಕಚೇರಿಯ ಒಂದು ಪದ್ಧತಿ ಹೇಳಬೇಕು. ಅಲ್ಲೊಂದು ಕಬ್ಬಿಣದ ಬೀರು. ಅದರೊಳಗೆ ಮಾದರಿ ತೂಕದ ಕಲ್ಲು, ಮಾದರಿ ಮೀಟರು ಕಡ್ಡಿ. ಹೆಡ್ ಗುಮಾಸ್ತೆ ಮೇಡಂ ಅರಗು ಕಾಯಿಸಿ ಯಾವುದರ ಮೇಲೆ ಮುದ್ರೆ ಒತ್ತುತ್ತಾರೋ ಅದು ಸರಿ. ಅದಕ್ಕೆ ಹೊಂದದ್ದೆಲ್ಲ ತಪ್ಪು. ಒಂದು ಬೇಸಿಗೆಯಲ್ಲಿ ಬೀರು ಕಾದು ಮೀಟರು ಕಡ್ಡಿ ಹಿಗ್ಗಿತು. ಕಚೇರಿಯವರು ಹೆದರಲಿಲ್ಲ. ಊರಿನ ಬಟ್ಟೆಯಂಗಡಿಗಳ ಕಡ್ಡಿಯನ್ನೆಲ್ಲ ಬದಲಾಯಿಸಿದರು. ಆ ವರ್ಷ ಊರಿನ ಜನರೆಲ್ಲ ಒಂದೊಂದು ಬೆರಳು ಕುಳ್ಳಾದರು, ಯಾರೂ ತಕರಾರು ತೆಗೆಯಲಿಲ್ಲ.

ಟೈಲ್ಸ್ ಅಂಗಡಿಯವನು ತನ್ನ ಮಾಲನ್ನು ಮೇಜಿನ ಮೇಲೆ ಹರಡಿದ. ಬೇರೆಯವರಾದರೆ ಬಣ್ಣ ನೋಡುತ್ತಾರೆ. ಇವರು ತಕ್ಕಡಿ ತರಿಸಿದರು. ಮೇಡಂ ಉದ್ದ, ಅಗಲ, ದಪ್ಪ, ಮೂಲೆಯಿಂದ ಮೂಲೆ ಎಲ್ಲ ಅಳೆದರು. ಮುಳ್ಳು ನಿಲ್ಲುವ ತನಕ ಸಾಹೇಬರು ಉಸಿರು ಬಿಡಲಿಲ್ಲ. ಆಮೇಲೆ ಹೊಳಪಿನ ಪರೀಕ್ಷೆ. ಸಾಹೇಬರು ಒಂದೊಂದನ್ನೂ ಮುಖದೆದುರು ಹಿಡಿದು ಹಲ್ಲು ಕಿರಿದರು. ಕೊನೆಗೆ ಒಂದರಲ್ಲಿ ಬಾಚಲು ಮರೆತ ಮೀಸೆಯ ಎಳೆ ಕೂಡ ಕಂಡಿತು. ಅದೇ ಆಯ್ಕೆಯಾಯಿತು.

“ಗೋಡೆಗೆ ಇದು ಒಳ್ಳೇ ಮಾಲು ಸಾರ್,” ಎಂದ ಅಂಗಡಿಯವನು. “ನೆಲಕ್ಕೆ ಸ್ವಲ್ಪ ಒರಟು ಮೈಯಿರೋದು ತಗೊಳ್ಳಿ. ಇದರ ಮೇಲೆ ಹಲ್ಲಿ ಕೂಡ ಜಾರುತ್ತೆ.”

“ನಮ್ಮ ಕಚೇರಿಗೆ ಜನ ಓಡಾಡೋಕೆ ಬರ್ತಾರೇನಯ್ಯ? ಕಾಯೋಕೆ ಬರ್ತಾರೆ,” ಎಂದರು ಸಾಹೇಬರು. “ನಿಂತ ಕಡೆ ನಿಂತವರು ಜಾರೋದು ಎಲ್ಲಿಂದ ಬಂತು?”

ಮೇಡಂ ಟೈಲ್ಸಿನ ಮೇಲೆ ಒಂದು ಚೊಂಬು ನೀರು ಸುರಿದರು. ನೀರು ಒಂದು ಕ್ಷಣವೂ ನಿಲ್ಲದೆ ಜಾರಿ, ಮೇಜಿನಿಂದ ಇಳಿದು, ಬಾಗಿಲು ದಾಟಿ ಹಜಾರಕ್ಕೆ ಹೋಯಿತು. “ನೀರು ಹೀರುವುದಿಲ್ಲ. ಉತ್ತಮ,” ಎಂದರು ಮೇಡಂ. “ಕಾಯಂ, ಇದನ್ನ ತಗೊಂಡು ಹೋಗಿ ಬೀರು ಹತ್ತಿರ ಇಡು. ಅರಗು ಕಾಯಿಸ್ಕೊಂಡು ಬರ್ತೀನಿ.”

ಕಾಯಂ ಟೈಲ್ಸನ್ನು ಎಳೆ ಕೂಸಿನ ಹಾಗೆ ಎದೆಗೆ ಅಪ್ಪಿಕೊಂಡು ಹೊರಟ. ಹಜಾರದಲ್ಲಿ ನೀರು ಅವನಿಗಾಗಿ ಕಾದಿತ್ತು. ಎರಡು ಕಾಲೂ ಒಟ್ಟಿಗೆ ಮೇಲೆದ್ದವು. ಮನುಷ್ಯ ಗಾಳಿಯಲ್ಲೇ ಒಂದು ಸುತ್ತು ಸುತ್ತಿದ, ಆದರೂ ಟೈಲ್ಸು ಕೈ ಬಿಡಲಿಲ್ಲ. ಬೀಳುವಾಗ ಬೆನ್ನು ಕೊಟ್ಟ, ಮೊಣಕೈ ಕೊಟ್ಟ, ಟೈಲ್ಸು ಕೊಡಲಿಲ್ಲ. ಇಷ್ಟೆಲ್ಲ ಮಾಡಿ ಏಳುವಾಗ ಅದರ ಒಂದು ಮೂಲೆಯನ್ನು ಬಾಗಿಲ ಚೌಕಟ್ಟಿಗೆ ತಾಗಿಸಿದ. ಟಕ್ ಎಂದಿತು. ಮಗು ಕಚ್ಚಿದ ಬಿಸ್ಕತ್ತಿನ ಹಾಗೆ ಮೂಲೆ ಮುಕ್ಕಾಯಿತು.

ಮೇಡಂ ಅರಗಿನ ಬಟ್ಟಲು ಹಿಡಿದು ಬಂದಾಗ ಕಾಯಂ ಮುರಿದ ಚೂರನ್ನು ಜೇಬಿಗೆ ಹಾಕಿಕೊಂಡು, ಮುಕ್ಕಾದ ಜಾಗಕ್ಕೆ ಹೆಬ್ಬೆರಳು ಒತ್ತಿ ನಿಂತಿದ್ದ.

“ಬೆರಳು ತೆಗಿ.”

ತೆಗೆದ.

“ಏನಿದು?”

“ಡಿಸೈನು ಮೇಡಂ,” ಎಂದ ಕಾಯಂ. ಬಾಯಿಂದ ಅದು ಹೇಗೆ ಬಂತೋ ಅವನಿಗೇ ಗೊತ್ತಿಲ್ಲ. “ಈಗ ಎಲ್ಲ ದೊಡ್ಡೋರ ಮನೇಲೂ ಇದೇ ಅಂತೆ.”

ಮೇಡಂ ಕನ್ನಡಕ ಏರಿಸಿದರು. ಇಲಾಖೆಯಲ್ಲಿ ತಮಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದು ಅವರು ಹಿಂದೆಯೇ ಲಿಖಿತವಾಗಿ ತಿಳಿಸಿದ್ದರು. “ಅಷ್ಟು ಗೊತ್ತಿಲ್ವಾ ನನಗೆ? ನಿನಗೆ ಗೊತ್ತಿದೆಯೋ ಇಲ್ವೋ ಅಂತ ಕೇಳಿದೆ,” ಎಂದು ಮುಕ್ಕಾದ ಅಂಚಿನ ಮೇಲೆಯೇ ಅರಗು ಸುರಿದು ಮುದ್ರೆ ಒತ್ತಿದರು. ಅಲ್ಲಿಗೆ ಆ ಟೈಲ್ಸು ಸರಿಯಾಯಿತು, ಲೋಕದ ಉಳಿದ ಟೈಲ್ಸೆಲ್ಲ ತಪ್ಪಾದವು.

ಮಾಲು ಲಾರಿಯಲ್ಲಿ ಬಂತು. ಮೇಡಂ ಒಂದೊಂದನ್ನೂ ಮಾದರಿಯ ಪಕ್ಕ ಇಟ್ಟು ನೋಡಿ, ಲಾರಿಯನ್ನು ಹಿಂದಕ್ಕೆ ಕಳಿಸಿದರು. ಅಂಗಡಿಯವನು ಬೆವರೊರೆಸುತ್ತ ಓಡಿ ಬಂದ.

“ಏನು ಕೊರತೆ ಮೇಡಂ?”

“ಕೊರತೆ ಅಲ್ಲ. ಹೆಚ್ಚಾಗಿದೆ. ನಿಮ್ಮ ಟೈಲ್ಸಲ್ಲಿ ಒಂದು ಮೂಲೆ ಹೆಚ್ಚಿದೆ.”

“ಟೈಲ್ಸಿಗೆ ಮೂಲೆ ನಾಲ್ಕಲ್ವಾ ಮೇಡಂ? ಹುಟ್ಟಿದಾಗಿಂದ ನಾಲ್ಕೇ ನೋಡಿದೀನಿ.”

“ಮಾದರೀಲಿ ಮೂರೂ ಚಿಲ್ಲರೆ ಇದೆ. ನೀವೇ ಕೊಟ್ಟಿದ್ದು.”

ಅಂಗಡಿಯವನು ಮಾದರಿಯನ್ನು ನೋಡಿದ. ಕಾಯಂನನ್ನು ನೋಡಿದ. ಕಾಯಂ ಸೂರು ನೋಡಿದ. ವ್ಯಾಪಾರಿಯ ತಲೆ ಬೇಗ ಓಡುತ್ತದೆ. “ಹೌದಲ್ಲ, ಲೋಡ್ ಮಾಡೋರು ಮೂಲೆ ತೆಗೆಯೋದು ಮರೆತಿದ್ದಾರೆ,” ಎಂದ. “ತೆಗೆಸಿ ಕೊಡ್ತೀನಿ. ಮೂಲೆ ತೆಗೆಯೋ ಕೂಲಿ ಮಾತ್ರ ಬೇರೆ ಆಗುತ್ತೆ.” ಕೂಲಿ ಮಂಜೂರಾಯಿತು. ಸಂಜೆಗೆ ನೋಟೀಸು ಹಲಗೆಯ ಮೇಲೆ ಪ್ರಕಟಣೆಯೂ ಬಂತು:

“ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಟೈಲ್ಸ್‌ಗಳಿಂದ ತೆಗೆದ ಮೂಲೆಗಳು ಇಲಾಖೆಯ ಸ್ವತ್ತಾಗಿದ್ದು, ಅವುಗಳನ್ನು ದಾಸ್ತಾನು ಕೋಣೆಯಲ್ಲಿ ಇರಿಸತಕ್ಕದ್ದು. ಸದರಿ ಕೋಣೆಯಲ್ಲಿ ಕೂರುತ್ತಿದ್ದ ಗುಮಾಸ್ತರು ಮುಂದಿನ ಆದೇಶದವರೆಗೆ ಮೆಟ್ಟಿಲ ಮೇಲೆ ಕೂರತಕ್ಕದ್ದು.”

ಮರುದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಕಾಯಂ ತಟ್ಟೆ ಮುಂದಿಟ್ಟುಕೊಂಡು ಕೂತ. “ಹೇಳಿಬಿಡ್ತೀನಿ ಕಣೇ. ಬರೋ ಮಾಲೆಲ್ಲ ಒಡೀತಾ ಇದಾರೆ. ಇಷ್ಟು ಪಾಪ ಹೊರೋಕಾಗಲ್ಲ.”

“ಬಾಯಿಗೆ ತುತ್ತು ಹಾಕ್ಕೊಳ್ಳಿ, ಮಾತು ನಿಲ್ಲುತ್ತೆ,” ಎಂದಳು ಹೆಂಡತಿ. “ಇಷ್ಟು ವರ್ಷ ನೀವು ನೆಟ್ಟಗೆ ಮಾಡಿದ ಕೆಲಸ ಒಬ್ಬರ ಕಣ್ಣಿಗೂ ಬೀಳಲಿಲ್ಲ. ಒಂದೇ ಒಂದು ಕೆಡಿಸಿದ್ದೀರಿ, ಸರ್ಕಾರವೇ ಮುದ್ರೆ ಹಾಕಿ ಬೀರುವಿನಲ್ಲಿ ಇಟ್ಕೊಂಡಿದೆ. ತಂಗಿಗೆ ನಾನು ಏನಂತ ಹೇಳಲಿ? ಕಾಯಂ ಆದ ಮೇಲೆ ಬೇಕಾದ್ದು ಹೇಳ್ಕೊಳ್ಳಿ.”

ಗಾರೆ ಮೇಸ್ತ್ರಿ ಬಂದು ದಾರ ಕಟ್ಟಿ, ರಸಮಟ್ಟ ಇಟ್ಟು ಟೈಲ್ಸ್ ಹಾಸತೊಡಗಿದ. ಮೇಡಂ ಅಪ್ಪಣೆಯಂತೆ ನಾಲ್ಕು ಟೈಲ್ಸಿನ ಮುಕ್ಕಾದ ಮೂಲೆಗಳು ಒಂದೇ ಕಡೆ ಕೂಡಬೇಕು, ಅಂದವಾಗಿ ಕಾಣಬೇಕು. ಕೂಡಿದ ಕಡೆಯೆಲ್ಲ ಒಂದೊಂದು ಕುಳಿಯಾಯಿತು.

“ಇದಕ್ಕೆ ಸಿಮೆಂಟು ತುಂಬಲಾ ಅಮ್ಮಾ?”

“ಮಾದರೀಲಿ ಸಿಮೆಂಟು ಇದೆಯಾ?”

“ಇಲ್ಲ.”

“ಮತ್ತೆ?”

ಮೇಸ್ತ್ರಿ ಕರಣೆ ತೊಳೆದಿಟ್ಟ. ನೆಲ ಮುಗಿಯಿತು, ಗೋಡೆಯೂ ಮುಗಿಯಿತು, ಅಲ್ಲೂ ಕುಳಿ. ಬಾಗಿಲು ತೆರೆದ ದಿನ ಮೊದಲು ಬಂದವನು ಎಣ್ಣೆಯಂಗಡಿಯ ಯಜಮಾನ. ಒಂದು ಹೆಜ್ಜೆ ಇಟ್ಟ, ಅಷ್ಟೆ. ಕೂತ ಭಂಗಿಯಲ್ಲೇ ತಕ್ಕಡಿ ಸಮೇತ ಜಾರುತ್ತ ಸಾಹೇಬರ ಕೋಣೆಯ ಒಳಗೆ ಹೋಗಿ, ಅವರ ಮೇಜಿನ ಅಡಿಯಿಂದ ತೂರಿ, ಹಿಂಬಾಗಿಲಿನಿಂದ ಬೀದಿಗೆ ಬಂದ. ಅವನ ಕೆಲಸ ಅಷ್ಟು ಬೇಗ ಆ ಕಚೇರಿಯಲ್ಲಿ ಎಂದೂ ಆಗಿರಲಿಲ್ಲ. ಅವನ ಹಿಂದೆ ಬಂದವರೆಲ್ಲ ಸಾಲಾಗಿ ಜಾರಿದರು. ಆಗ ಒಬ್ಬ ಮುದುಕಿಯ ಕಾಲ್ಬೆರಳು ಕುಳಿಗೆ ಸಿಕ್ಕಿತು. ಮುದುಕಿ ಕಂಬದ ಹಾಗೆ ನಿಂತಳು. ಜನ ಅದನ್ನು ನೋಡಿ ಕಲಿತರು. ನೆಲದ ಕುಳಿಗೆ ಹೆಬ್ಬೆರಳು, ಗೋಡೆಯ ಕುಳಿಗೆ ಕೈಬೆರಳು ಕೊಟ್ಟು, ಮರ ಹತ್ತುವವರ ಹಾಗೆ ಮೆಲ್ಲಗೆ ಒಂದು ಕುಳಿಯಿಂದ ಇನ್ನೊಂದಕ್ಕೆ ಸಾಗಿ ಅರ್ಜಿ ಕೊಡುವ ಕಿಟಕಿ ಮುಟ್ಟಿದರು. ಹಳೆಯ ನೆಲದಲ್ಲಿ ಇಷ್ಟು ಒಳ್ಳೆಯ ಹಿಡಿತ ಇರಲಿಲ್ಲ ಎಂದು ನಾಲ್ಕಾರು ಜನ ಹೊಗಳಿಯೂ ಹೊಗಳಿದರು.

ಸುದ್ದಿ ಮೇಲಿನವರೆಗೂ ಹೋಯಿತು. ಮೇಲಧಿಕಾರಿ ಖುದ್ದಾಗಿ ಬಂದು, ಗೋಡೆ ಹಿಡಿದು ಕೋಣೆಯೆಲ್ಲ ಒಂದು ಸುತ್ತು ಹಾಕಿ, “ಸಾರ್ವಜನಿಕರ ಸುರಕ್ಷತೆಗೆ ಹೀಗೆ ಕುಳಿ ಯೋಚಿಸಿದವರು ಯಾರು? ಎಲ್ಲ ಕಚೇರಿಗೂ ಇದೇ ಮಾದರಿ ಆಗಲಿ,” ಎಂದರು.

“ನನ್ನದೇ ಯೋಚನೆ ಸಾರ್,” ಎಂದರು ಸಾಹೇಬರು ತಲೆ ಬಗ್ಗಿಸಿ. “ಕೆಲಸದ ಮೇಲ್ವಿಚಾರಣೆ ನನ್ನ ಭಾಮೈದನದು. ಇಲ್ಲಿ ಒಂದು ಕಾಯಂ ಜವಾನನ ಜಾಗ ಖಾಲಿ ಇದೆ, ಅವನನ್ನೇ ಹಾಕೋಣ ಅಂತ.”

ಭಾಮೈದ ಅಲ್ಲೇ ಹೊಸ ಅಂಗಿ ತೊಟ್ಟು ನಿಂತಿದ್ದ. ಅವನು ಅವತ್ತಿನ ತನಕ ಟೈಲ್ಸ್ ಮುಟ್ಟಿ ನೋಡಿದವನಲ್ಲ. ಕಾಯಂ ಚಹಾದ ತಟ್ಟೆ ಹಿಡಿದು ಅವನ ಪಕ್ಕದಲ್ಲೇ ಇದ್ದ. ಇಷ್ಟು ದಿನ ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಹೆದರಿದ್ದವನಿಗೆ ಈಗ ಸಿಕ್ಕಿಬೀಳದೆ ಹೋಗುತ್ತೇನಲ್ಲ ಎಂದು ಹೊಟ್ಟೆ ಉರಿಯಿತು.

“ಸುಳ್ಳು ಸಾರ್!” ಎಂದ. “ಆ ಮೂಲೆ ಒಡೆದವನು ನಾನು! ಈ ಚೌಕಟ್ಟಿಗೇ ತಾಗಿಸಿದ್ದು. ಡಿಸೈನೂ ಇಲ್ಲ, ಯೋಚನೆಯೂ ಇಲ್ಲ. ಕಾಲು ಜಾರಿತು, ಒಡೀತು. ಯಾರಾದರೂ ಹೊಗಳೋದಿದ್ದರೆ ನನ್ನನ್ನ ಹೊಗಳಿ.”

ಗೋಡೆ ಹಿಡಿದವರೆಲ್ಲ ಬೆರಳು ಬಿಗಿ ಮಾಡಿದರು.

“ಏನಂದೆ? ಮುದ್ರೆ ಬಿದ್ದ ಮಾದರಿ ಒಡೆದಿದೆ ಅಂದೆಯಾ?” ಎಂದರು ಮೇಲಧಿಕಾರಿ. “ಮುದ್ರೆ ಬಿದ್ದದ್ದು ಒಡೆದಿರೋದಕ್ಕೆ ಸಾಧ್ಯವೇ ಇಲ್ಲ. ಇದು ಪ್ರಮಾಣಕ್ಕೆ ಮಾಡಿದ ಅಪಮಾನ. ಇವನನ್ನ ಮನೆಗೆ ಕಳಿಸಿ.”

ಕಾಯಂ ತಟ್ಟೆ ಕೆಳಗಿಟ್ಟ. ತಟ್ಟೆ ತಾನಾಗಿಯೇ ಜಾರಿಕೊಂಡು ಹೊರಗೆ ಹೋಯಿತು. ಅವನೂ ಹೊರಡುವುದರಲ್ಲಿದ್ದ. ಅಷ್ಟರಲ್ಲಿ ಮೇಡಂ ಗಂಟಲು ಸರಿ ಮಾಡಿಕೊಂಡರು.

“ಮನೆಗೆ ಕಳಿಸಿದರೆ ಇವನ ಮಾತು ಸುಳ್ಳು ಅಂತ ಎಲ್ಲೂ ಸಾಬೀತಾಗಲ್ಲ ಸಾರ್. ವಿಚಾರಣೆ ಆಗಲೇಬೇಕು.”

“ಹಾಗಾದರೆ ವಿಚಾರಣೆ ಮಾಡಿ.”

“ಹಂಗಾಮಿಯವರ ಮೇಲೆ ವಿಚಾರಣೆ ಮಾಡೋಕೆ ನಿಯಮದಲ್ಲಿ ಅವಕಾಶ ಇಲ್ಲ. ಕಾಯಂ ನೌಕರರ ಮೇಲೆ ಮಾತ್ರ.”

ಮೇಲಧಿಕಾರಿ ಸೂರು ನೋಡಿದರು. ಅಲ್ಲಿ ಟೈಲ್ಸ್ ಇರಲಿಲ್ಲ, ಯೋಚಿಸಲು ಅನುಕೂಲವಾಯಿತು. “ಹಾಗಾದರೆ ಕಾಯಂ ಮಾಡಿ, ಆಮೇಲೆ ವಿಚಾರಣೆ ಮಾಡಿ.”

ಊಟದ ಹೊತ್ತಿಗಿಂತ ಮುಂಚೆ ಕಾಯಂನನ್ನು ಕಾಯಂ ಮಾಡುವ ಆದೇಶ ಬಂತು. ಎಲ್ಲರೂ ಕೈ ಕುಲುಕಿದರು. ಊಟದ ನಂತರ ಅಮಾನತು ಆದೇಶ ಬಂತು. ಮತ್ತೆ ಎಲ್ಲರೂ ಕೈ ಕುಲುಕಿದರು. ಕೆಲಸವಿಲ್ಲದೆ ಮನೆಯಲ್ಲಿರುವ ಕಾಯಂ ನೌಕರನಿಗೆ ಸಿಗುವ ಅರ್ಧ ಸಂಬಳ, ದಿನವಿಡೀ ದುಡಿಯುವ ಹಂಗಾಮಿಯ ಪೂರ್ತಿ ಕೂಲಿಗಿಂತ ಜಾಸ್ತಿ ಎಂದು ಮೇಡಂ ಅವನಿಗೆ ಎಚ್ಚರಿಕೆಯ ದನಿಯಲ್ಲಿ ತಿಳಿಸಿದರು.

“ನಮ್ಮವರು ಕಾಯಂ ಆದರು ಕಣೇ! ಅದೇ ದಿನ ಅಮಾನತೂ ಆಯ್ತು. ಎರಡೂ ಒಟ್ಟಿಗೆ!” ಎಂದು ಹೆಂಡತಿ ತಂಗಿಯ ಮನೆಗೆ ಓಡಿದಳು. “ನಮ್ಮವರಿಗೆ ಇನ್ನೂ ಒಂದೂ ಆಗಿಲ್ಲ ಅಕ್ಕಾ,” ಎಂದು ತಂಗಿ ಕಣ್ಣೊರೆಸಿಕೊಂಡಳು.

ವಿಚಾರಣೆ ಸುಗಮವಾಗಿ ನಡೆಯುತ್ತಿದೆ. ಮಾದರಿ ಒಡೆದಿದೆಯೋ ಇಲ್ಲವೋ ನೋಡಬೇಕಾದರೆ ಅರಗು ಕೀಳಬೇಕು. ಅರಗು ಕಿತ್ತರೆ ಅದು ಮಾದರಿಯಲ್ಲ. ಮಾದರಿಯಲ್ಲದ್ದರ ಮೇಲೆ ವಿಚಾರಣೆಯಿಲ್ಲ. ಆದ್ದರಿಂದ ಅರಗು ಮುಟ್ಟದೆ, ಬೀರುವಿನೆದುರು ಕುರ್ಚಿ ಹಾಕಿಕೊಂಡು ವಿಚಾರಣೆ ಸಾಗಿದೆ. ಇನ್ನೊಂದು ತಲೆಮಾರಿಗೆ ಮುಗಿಯುವ ಲಕ್ಷಣವಿಲ್ಲವೆಂದು ಎಲ್ಲರಿಗೂ ಸಮಾಧಾನವಿದೆ.

ಸಾಹೇಬರ ಭಾಮೈದನಿಗೆ ಕಾಯಂ ಜಾಗ ತಪ್ಪಿದ್ದರಿಂದ ಹಂಗಾಮಿ ಜವಾನನ ಕೆಲಸ ಸಿಕ್ಕಿತು. ಮೊನ್ನೆ ಅವನು ಮಾದರಿ ತೂಕದ ಕಲ್ಲನ್ನು ಎತ್ತಿಕೊಂಡು ಬಾಗಿಲ ಚೌಕಟ್ಟಿನ ಹತ್ತಿರ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದದ್ದು ಕಂಡುಬಂತು. ಅವನ ಹಿಂದೆ ಬೇರೆ ಬೇರೆ ಇಲಾಖೆಯ ಹಂಗಾಮಿಯವರು ಗಾಜಿನ ಲೋಟ, ಗಡಿಯಾರ, ಕಿಟಕಿಯ ಬಾಗಿಲು ಹಿಡಿದು, ಹೆಬ್ಬೆರಳನ್ನು ಕುಳಿಗೆ ಕೊಟ್ಟು ನಿಂತಿದ್ದರು. ಗದ್ದಲವಾಗಬಾರದೆಂದು ಮೇಡಂ ಅವತ್ತೇ ಪ್ರಕಟಣೆ ಹೊರಡಿಸಿದರು:

“ಇಲಾಖೆಯ ವಸ್ತುಗಳನ್ನು ಒಡೆಯಲಿಚ್ಛಿಸುವ ಹಂಗಾಮಿ ನೌಕರರು ಸರದಿಯಲ್ಲಿ ಬರತಕ್ಕದ್ದು. ಒಡೆಯುವ ವಸ್ತುವನ್ನು ತಾವೇ ತರತಕ್ಕದ್ದು. ಊಟದ ವಿರಾಮದಲ್ಲಿ ಒಡೆಯಲು ಅವಕಾಶವಿರುವುದಿಲ್ಲ.”

ಸರದಿ ಈಗ ಬೀದಿಯ ತಿರುವು ದಾಟಿದೆ. ಟೈಲ್ಸ್ ಅಂಗಡಿಯವನು ಅಲ್ಲೇ ಒಂದು ಗಾಡಿ ನಿಲ್ಲಿಸಿಕೊಂಡು, ನಾಲ್ಕೂ ಮೂಲೆ ನೆಟ್ಟಗಿರುವ ಟೈಲ್ಸ್‌ಗಳನ್ನು ಬಿಡಿಬಿಡಿಯಾಗಿ ಮಾರುತ್ತಿದ್ದಾನೆ.