ಎಣ್ಣೆ ಬಾಟಲಿಯಿಂದ ಹಾರಿದ ಇಲಿಶ್

ಆ ಮೀನು ಮೊದಲ ಸಲ ಎಣ್ಣೆ ಬಾಟಲಿಯಿಂದ ಚಂಗನೆ ಹಾರಿದಾಗ ನಾನು ಮಾಡಿದ ಘನಕಾರ್ಯವೆಂದರೆ, ಮೇಜಿನ ಮೇಲಿದ್ದ ನನ್ನ ಊಟದ ಡಬ್ಬಿಯನ್ನು ಎತ್ತಿ ಎದೆಗವಚಿಕೊಂಡದ್ದು. ನೀರು ಸಿಡಿದು ಅನ್ನ ಒದ್ದೆಯಾದರೆ? ಇಡೀ ಆಫೀಸು ಗೊಳ್ಳೆಂದು ನಕ್ಕಿತು. ಮೀನು ಇದ್ದದ್ದು ಫೋನಿನ ಪರದೆಯಲ್ಲಿ ಮಾತ್ರ!

"ಏ ನೀಲೋತ್ಪಲ್, ಡಬ್ಬಿ ಕೆಳಗಿಡೋ. ಆ ಮೀನಿಗೂ ನಿನ್ನ ಅನ್ನಕ್ಕೂ ಋಣಾನುಬಂಧ ಇಲ್ಲ," ಎಂದರು ಬಾಸ್ ಸಾನ್ಯಾಲ್‌ದಾ.

ಕೋಲ್ಕತ್ತಾದ ನಮ್ಮ ಜಾಹೀರಾತು ಕಂಪನಿಯಲ್ಲಿ ಈ ವಿದ್ಯೆಗೆ 'ವರ್ಧಿತ ವಾಸ್ತವ' ಎಂಬ ಭಾರೀ ಹೆಸರಿದೆ. ಇರುವ ತುಟಿಗೆ ಇಲ್ಲದ ಲಿಪ್‌ಸ್ಟಿಕ್ ಹಚ್ಚುವುದು, ಇರುವ ಮನೆಯಲ್ಲಿ ಇಲ್ಲದ ಸೋಫಾ ಕೂರಿಸುವುದು, ಆಮೇಲೆ ಎರಡನ್ನೂ ಮಾರುವುದು. ನಮ್ಮ ಗಿರಾಕಿ 'ಝಾಂಝ್‌ರಾಜ್' ಸಾಸಿವೆ ಎಣ್ಣೆ. ಬಾಟಲಿಯ ಚೀಟಿಗೆ ಫೋನ್ ಹಿಡಿದರೆ ಸಾಕು, ಬೆಳ್ಳಿಯಂಥ ಇಲಿಶ್ ಮೀನೊಂದು ಹಾರಿ ಬಂದು ನಿಮ್ಮ ತಟ್ಟೆಯಲ್ಲಿ ಕುಣಿಯುತ್ತದೆ.

"ಜನ ಎಣ್ಣೆ ಕೊಳ್ಳಲ್ಲ ಕಣೋ," ಎನ್ನುತ್ತಿದ್ದರು ಸಾನ್ಯಾಲ್‌ದಾ. "ಎಣ್ಣೆಗೆ ಬೀಳೋ ಮೀನಿನ ಆಸೆ ಕೊಳ್ತಾರೆ!"

ಆ ಮೀನಿನ ಹೊಟ್ಟೆಗೆ ಹೊಳಪು ಕೊಟ್ಟವನು ನಾನೇ. ಒಂದೇ ಒಂದು ಕೊರತೆ ಉಳಿದಿತ್ತು. ದುಂಡಗೆ ಹೊಳೆಯುವುದೆಲ್ಲ ಫೋನಿನೊಳಗಿನ ಆ ಯಂತ್ರಕ್ಕೆ ತಟ್ಟೆ. ಸರಿಮಾಡಿದರಾಯಿತು ಎಂದು ಬಿಟ್ಟಿದ್ದೆ.

ಅಷ್ಟರಲ್ಲಿ ಜಾಮಾಯಿ ಷಷ್ಠಿ ಬಂತು. ವರ್ಷಕ್ಕೊಮ್ಮೆ ಅತ್ತೆಯ ಮನೆಯಲ್ಲಿ ಅಳಿಯಂದಿರಿಗೆ ಪಟ್ಟಾಭಿಷೇಕವಾಗುವ ದಿನ! ನಮ್ಮಲ್ಲಿ ಪಟ್ಟವೆಲ್ಲ ದೊಡ್ಡ ಅಳಿಯ ಹೀರಕ್‌ದಾನಿಗೆ. ಆತ ತರುವ ಮೀನಿನ ಬಾಲ ಚೀಲದಿಂದ ಹೊರಬಂದು ಅತ್ತೆಮನೆಯ ಬಾಗಿಲನ್ನು ತಾನೇ ತಟ್ಟುತ್ತದೆ. ನಾನು ಒಯ್ಯುವುದು ಸಂದೇಶ್ ಮಿಠಾಯಿಯ ಡಬ್ಬಿ.

"ಅದೂ ಸಣ್ಣ ಡಬ್ಬಿ," ಎಂದು ಸೇರಿಸುವುದು ನನ್ನ ಹೆಂಡತಿ ಝಿನುಕ್‌ಳ ಕೆಲಸ.

ಈ ಸಲ ಆ ಮನೆಯವರೆಲ್ಲ ಬಾಯಿಗೆ ಬೆರಳಿಡುವಂತೆ ಮಾಡದಿದ್ದರೆ ನನ್ನ ಹೆಸರು ನೀಲೋತ್ಪಲ್ ಅಲ್ಲ ಎಂದು ಶಪಥ ಮಾಡಿದೆ. ಪಕ್ಕದ ಮೇಜಿನವಳ ಕೈಗೆ ಫೋನ್ ಕೊಟ್ಟು, ಎರಡೂ ತೋಳು ಚಾಚಿ ನಿಂತು, ಆ ಇಲಿಶನ್ನು ಕೂಸಿನಂತೆ ಎತ್ತಿಕೊಂಡ ಫೋಟೋ ತೆಗೆಸಿದೆ. 'ಈ ಸಲ ನಾನು!' ಎಂದು ಬರೆದು ಅತ್ತೆಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ನೋಡಿ, ಎಂಥ ಕೆಲಸ ಮಾಡುವ ಅಳಿಯ ನಿಮಗೆ ಸಿಕ್ಕಿದ್ದಾನೆ ಎಂಬುದಷ್ಟೇ ನನ್ನ ಭಾವ. ಭಾವ ನನ್ನಲ್ಲೇ ಉಳಿಯಿತು. ಮೀನು ಮಾತ್ರ ತಲುಪಿತು.

ಮಾವ ನಿಬಾರಣ್ ಬಾಬು ಟ್ರಾಮ್ ಕಂಡಕ್ಟರಾಗಿ ನಿವೃತ್ತರಾದವರು. ಅವರ ದನಿ ಇನ್ನೂ ನಿವೃತ್ತವಾಗಿಲ್ಲ. ಫೋನು ಗುಡುಗಿತು: "ಭಲೇ ಅಳಿಯಂದಿರೇ! ಇಂಥ ಇಲಿಶ್ ನಮ್ಮ ಬಾರಾನಗರಕ್ಕೇ ಬಂದಿಲ್ಲ!"

'ಬಾಬಾ, ಅದು ನಿಜವಾದ ಮೀನಲ್ಲ' ಎಂದು ಬರೆದೆ. ಅಳಿಸಿದೆ. ಜೀವಮಾನದಲ್ಲಿ ಮಾವನಿಂದ ಮೊದಲ 'ಭಲೇ' ಬಂದಿದೆ, ಐದು ನಿಮಿಷ ಅನುಭವಿಸಬಾರದೇ? ಆ ಐದು ನಿಮಿಷದಲ್ಲಿ ಹೀರಕ್‌ದಾ ಬರೆದ: 'ಹಾಗಾದ್ರೆ ನಾನು ಮೀನು ತರಲ್ಲ, ಲಿಚಿ ಹಣ್ಣು ತರ್ತೀನಿ.' ಅತ್ತೆ ಬರೆದರು: 'ಮೀನಿಗೆ ಅರೆಯೋಕೆ ಸಾಸಿವೆ ನೆನೆಹಾಕಿದ್ದೀನಿ.' ಮಾವ ಮತ್ತೆ ಗುಡುಗಿದರು: "ಡಿಪೋದ ಗೆಳೆಯರನ್ನೂ ಕರೆದಿದ್ದೀನಿ!"

ಮನೆಗೆ ಬಂದು ಝಿನುಕ್‌ಗೆ ಎಲ್ಲ ಹೇಳಿದೆ.

"ಈಗಲೇ ಫೋನ್ ಮಾಡಿ ನಿಜ ಹೇಳು."

"ಬಾಬಾ ಎಷ್ಟು ಖುಷಿಯಲ್ಲಿದ್ದಾರೆ ನೋಡು..."

"ನನ್ನಪ್ಪ ಬೀದಿಯವರ ಮುಂದೆ ತಲೆ ತಗ್ಗಿಸಿದ್ರೆ, ನಿನಗೆ ಈ ಮನೆಯಲ್ಲಿ ಮೀನು ಹಾಗಿರಲಿ, ಮುಳ್ಳೂ ಸಿಗಲ್ಲ!"

ಬೆಳಗ್ಗೆ ಮಾರುಕಟ್ಟೆಗೆ ಓಡಿದೆ. ಮೀನಿನವನಿಗೆ ಫೋಟೋ ತೋರಿಸಿ, "ಇಂಥದ್ದು ಇದೆಯಾ?" ಎಂದೆ. ಅವನು ಕತ್ತಿ ಕೆಳಗಿಟ್ಟು ಫೋನನ್ನು ಕೈಗೆ ತೆಗೆದುಕೊಂಡು, "ಬಾಬು, ಇದು ಸಿಕ್ಕಿದ್ದೆಲ್ಲಿ? ನಂಗೂ ಒಂದು ಕೊಡ್ಸಿ!" ಎಂದ. ಹಬ್ಬದ ದಿನ, ಇದ್ದದ್ದೆಲ್ಲ ಆಗಲೇ ಅಳಿಯಂದಿರ ಪಾಲಾಗಿತ್ತು. ಮೂಲೆಯಲ್ಲಿ ನನ್ನಂತೆಯೇ ನಾಚಿಕೊಂಡು ಒಂದು ಇಲಿಶ್ ಮಲಗಿತ್ತು, ಅಂಗೈಯಗಲ. ಅದರ ಬೆಲೆ ಕೇಳಿ ನನ್ನ ಜೇಬು ಬಿಕ್ಕಳಿಸಿತು. ಆದರೂ ಕೊಂಡೆ.

ಧೋತಿ ಉಟ್ಟು, ಚೀಲ ಹಿಡಿದು, ಝಿನುಕ್‌ಳ ಹಿಂದೆ ಹಿಂದೆ ನಡೆದು ಬಾರಾನಗರ ತಲುಪಿದಾಗ ಬಾಗಿಲಲ್ಲೇ ಟ್ರಾಮ್ ಡಿಪೋ ನಿಂತಿತ್ತು. ಮಾವ ಚೀಲದೊಳಗೆ ಇಣುಕಿದರು.

"ಎಲ್ಲಿ?"

"ತಳದಲ್ಲಿ ನೋಡಿ, ಬಾಬಾ."

ಕೈಹಾಕಿ ಎತ್ತಿದರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ಮರಿ. ಇದರ ತಾಯಿ ಎಲ್ಲಿ?"

"ಬಿಸಿಲಿಗೆ ಕುಗ್ಗಿರಬೇಕು ಬಿಡೋ ನಿಬಾರಣ್," ಎಂದರು ಗೆಳೆಯರೊಬ್ಬರು. ಮಾವನ ಮುಖ ಕೊನೆಯ ಟ್ರಾಮ್ ತಪ್ಪಿಸಿಕೊಂಡವರ ಮುಖವಾಯಿತು. ಝಿನುಕ್ ನನ್ನತ್ತ ನೋಡಿದಳು. ಆ ನೋಟಕ್ಕೆ ಎಣ್ಣೆಯಿಲ್ಲದೆಯೇ ಮೀನು ಹುರಿಯಬಹುದಿತ್ತು!

ಆಗ ನಾನು ತಂತ್ರಜ್ಞಾನದ ಪಾದಕ್ಕೆ ಬಿದ್ದೆ. "ತಾಯಿ ಇದೆ ಬಾಬಾ! ಒಂದ್ನಿಮಿಷ!" ಎಂದು ಝಾಂಝ್‌ರಾಜ್ ಬಾಟಲಿಯನ್ನು ಚೀಲದಿಂದ ತೆಗೆದು ಜಗಲಿಯ ಮೇಲಿಟ್ಟೆ. ಒಳಗಿಂದ ಕಂಚಿನ ತಟ್ಟೆ ತಂದು ಪಕ್ಕದಲ್ಲಿಟ್ಟೆ. ಫೋನ್ ಹಿಡಿದೆ. ಡಿಪೋ ಪೂರ್ತಿ ನನ್ನ ಬೆನ್ನ ಮೇಲೆ ಬಿತ್ತು. ಇಲಿಶ್ ಹಾರಿತು! ಗಾಳಿಯಲ್ಲಿ ಮಿಂಚಿತು! ಅದೇ ಹೊತ್ತಿಗೆ, ಮೀನು ಎಲ್ಲಿದೆಯೆಂದು ಹುಡುಕುತ್ತ ಮಾವ ತಟ್ಟೆಯ ಮೇಲೆ ಬಾಗಿದರು. ಮಧ್ಯಾಹ್ನದ ಬಿಸಿಲು ಅವರ ಬೋಳುತಲೆಯ ಮೇಲೆ ಬಿತ್ತು. ಕಂಚಿನ ತಟ್ಟೆ ಅದರೆದುರು ಮಂಕಾಯಿತು. ಯಂತ್ರ ತೀರ್ಮಾನಿಸಿತು.

ಮೀನು ಮಾವನ ತಲೆಯ ಮೇಲೆ ಇಳಿದು ಬಾಲ ಎತ್ತಿ ಕುಣಿಯತೊಡಗಿತು. ಜೊತೆಗೆ ಕಂಪನಿಯ ಘೋಷಣೆ: "ಎಣ್ಣೆ ನಮ್ಮದು, ತಟ್ಟೆ ನಿಮ್ಮದು!"

"ಎಲ್ಲಿದೆ? ಎಲ್ಲಿ?" ಎಂದು ಮಾವ ಅತ್ತ ತಿರುಗಿದರೆ ಮೀನೂ ಅತ್ತ, ಇತ್ತ ತಿರುಗಿದರೆ ಇತ್ತ. ಗೆಳೆಯರು ಹೊಟ್ಟೆ ಹಿಡಿದು ಜಗಲಿಯ ಮೇಲೆ ಕುಸಿದರು. ಬಾಗಿಲಲ್ಲಿ ನಿಂತಿದ್ದ ಹೀರಕ್‌ದಾನ ಕೈಯಿಂದ ಲಿಚಿ ಹಣ್ಣುಗಳು ಉರುಳಿದವು. ಮಾವನಿಗೆ ಫೋನ್ ತೋರಿಸಿದೆ. ಅವರು ನೋಡಿದರು. ತಲೆ ಸವರಿಕೊಂಡರು. ಮತ್ತೆ ನೋಡಿದರು.

"ಹೀರಕ್," ಎಂದರು ಗಂಭೀರವಾಗಿ, "ನೀನು ತಂದ ಯಾವ ಮೀನೂ ಇಷ್ಟುದ್ದ ಇರ್ಲಿಲ್ಲ, ಅಲ್ವಾ?" ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. ಝಿನುಕ್‌ಳ ತುಟಿಯ ತುದಿ ಅಲುಗಿತು. ಹೋದ ಜೀವ ಮರಳಿತು.

ಊಟಕ್ಕೆ ಕೂತೆವು. ಅತ್ತೆ ಇಬ್ಬರು ಅಳಿಯಂದಿರ ಹಣೆಗೂ ಮೊಸರಿನ ಬೊಟ್ಟಿಟ್ಟು, ಮಣಿಕಟ್ಟಿಗೆ ಹಳದಿ ದಾರ ಕಟ್ಟಿ, ಬೀಸಣಿಗೆ ಬೀಸಿದರು. ಸಾಸಿವೆಯಲ್ಲಿ ಬೆಂದ ಆ ಅಂಗೈಯಗಲದ ಮೀನು ಹಂಚಿಕೆಯಾಯಿತು. ಹೊಟ್ಟೆಯ ಭಾಗ ಹೀರಕ್‌ದಾನಿಗೆ, ಬೆನ್ನಿನ ತುಂಡುಗಳು ಡಿಪೋಗೆ, ತಲೆ ಮಾವನಿಗೆ. ನನ್ನ ತಟ್ಟೆಗೆ ಬಾಲ ಬಂತು. ಬಾಲವೆಂದರೆ ಪೂರ್ತಿ ಮುಳ್ಳು.

"ಉಳಿದದ್ದು ಫೋನಲ್ಲಿದೆಯಲ್ಲಪ್ಪಾ, ನೋಡ್ಕೊಂಡು ತಿನ್ನು," ಎಂದರು ಅತ್ತೆ.

ನನಗೆ ಅನುಮಾನ ಹುಟ್ಟಿತು. "ಮಾ, ಫೋಟೋ ನೋಡಿದಾಗಲೇ ನಿಮಗೆ ಗೊತ್ತಾಗಿತ್ತಾ?"

"ಗೊತ್ತಾಗ್ದೇ ಏನು? ಅಷ್ಟುದ್ದದ ಮೀನು ಎತ್ತಿಕೊಂಡಿದ್ದೀಯ, ಅಂಗಿ ಇಸ್ತ್ರಿ ಮಾಡ್ದಂಗೇ ಇದೆ!"

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

ಬೀಸಣಿಗೆ ನಿಂತಿತು.

"ಹೇಳಿದ್ರೆ ನೀನು ಈ ಮರಿಯನ್ನೂ ತರ್ತಿರ್ಲಿಲ್ಲ."