ಚಿಕ್ಕಪ್ಪನ ಕಂಡೀಷನ್

ನಮ್ಮ ಚಿಕ್ಕಪ್ಪನಿಗೆ ಇಂಗ್ಲಿಷಿನ ಮೇಲೆ ಪೂರ್ತಿ ಹಿಡಿತವಿತ್ತು. ಗೊತ್ತಿದ್ದದ್ದು ಒಂದೇ ಪದವಾದ್ದರಿಂದ ಹಿಡಿತ ತಪ್ಪುವ ಭಯವೇ ಇರಲಿಲ್ಲ!

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರೊಬ್ಬ ಬಾನೆಟ್ಟಿನ ಮೇಲೆ ತಟ್ಟಿ, "ಗಾಡಿ ಕಂಡೀಷನ್ ಐತಿ" ಎಂದದ್ದು ಅವರ ಕಿವಿಗೆ ಬಿತ್ತು. ಅಂದಿನಿಂದ ನಮ್ಮ ಎತ್ತು ಕಂಡೀಷನ್, ಉಪ್ಪಿನಕಾಯಿ ಕಂಡೀಷನ್, ಉಡುತಡಿಯ ಬೀಗರೂ ಕಂಡೀಷನ್. ಯಾರಾದರೂ ಅಜ್ಜಿಯ ಆರೋಗ್ಯ ವಿಚಾರಿಸಿದರೆ ಅದೇ ಉತ್ತರ. "ನಾನೇನು ಮೋಟಾರೇನೋ?" ಎಂದು ಅಜ್ಜಿ ಒಳಗಿನಿಂದ ಗದರುತ್ತಿದ್ದರು.

ಅದೇ ಅಜ್ಜಿಗೆ ಒಮ್ಮೆ ಜ್ವರ ಬಂತು. ಡಾಕ್ಟರು ನಾಡಿ ಹಿಡಿದು, "ಕಂಡೀಷನ್ ಸರಿಯಿಲ್ಲ" ಎಂದರು. ಚಿಕ್ಕಪ್ಪ ತಬ್ಬಿಬ್ಬಾದರು.

"ಒಂದೋ ಕಂಡೀಷನ್ ಅನ್ರಿ, ಇಲ್ಲಾ ಸರಿಯಿಲ್ಲ ಅನ್ರಿ. ಎರಡೂ ಹೆಂಗ್ರೀ?"

ಅಜ್ಜಿ ಗುಣವಾಗಿ ಎದ್ದು ಕೂತಾಗ, ವಾದದಲ್ಲಿ ಡಾಕ್ಟರೇ ಸೋತರೆಂದು ಚಿಕ್ಕಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವರು ಈ ಚಿಕ್ಕಪ್ಪನೇ. ನಾನು ಟೀಚರ್ ಟ್ರೈನಿಂಗಿಗೆ ಹೋಗಬೇಕೆಂದಿದ್ದ ವರ್ಷ ಸೊರಬದಿಂದ ಒಳ್ಳೆಯ ಸಂಬಂಧ ಬಂತು. ಹುಡುಗನ ತಂದೆ ಓದಿದವರು. ಉಪ್ಪಿಟ್ಟಿನ ತಟ್ಟೆ ಕೈಗೆ ಬಂದಾಗ ಗಂಟಲು ಸರಿಮಾಡಿಕೊಂಡು, "ಎಲ್ಲ ಒಪ್ಪಿಗೆ. ನಮ್ಮದೊಂದು ಕಂಡೀಷನ್ ಇದೆ" ಎಂದರು.

ಚಿಕ್ಕಪ್ಪನ ಮುಖ ಅರಳಿತು. "ಇರ್ಲಿ ರೀ, ಬಾಳ ಸಂತೋಷ. ನಮ್ಮ ಹುಡುಗೀನೂ ಕಂಡೀಷನ್ನೇ."

"ಅದಲ್ಲ ಮಾರಾಯ್ರೆ. ಕಂಡೀಷನ್ ಅಂದ್ರೆ ಷರತ್ತು. ಹುಡುಗಿ ಓದು ಇಲ್ಲಿಗೆ ನಿಲ್ಲಿಸ್ಬೇಕು. ನಮ್ಮಲ್ಲಿ ಹೆಣ್ಮಕ್ಕಳು ನೌಕರಿಗೆ ಹೋಗೋದಿಲ್ಲ."

ಬಾಗಿಲ ಹಿಂದೆ ನಿಂತು ನಾನು ಎಲ್ಲ ಕೇಳಿಸಿಕೊಂಡೆ. ಇಂಥ ಮನೆತನವನ್ನು ಯಾರು ಬಿಟ್ಟಾರು? ಚಿಕ್ಕಪ್ಪ ಅವರತ್ತ ತಿರುಗಿ ಕೇಳಿದರು.

"ನೆಟ್ಟಗಿರೋದಕ್ಕೆ ಕಂಡೀಷನ್ ಅಂತಾರ ಅಂತ ತಿಳ್ದಿದ್ದೆ. ಕಾಲು ಕಟ್ಟೋದಕ್ಕೂ ಅದೇ ಮಾತೇನ್ರೀ?"

ಹುಡುಗನ ತಂದೆ, "ನಮ್ಮ ಮನೆ ಪದ್ಧತಿ ಅದು" ಎಂದರು.

"ಹಂಗಾದ್ರ ಈ ಸಂಬಂಧ ಬ್ಯಾಡ ಬಿಡ್ರಿ. ಅಕಿ ಓದಾಕೆ ಹೋಗ್ತಾಳ." ಅತಿಥಿಗಳು ತಟ್ಟೆ ಕೆಳಗಿಡಲು ನೋಡಿದರು. ಚಿಕ್ಕಪ್ಪ ತಡೆದರು. "ತಿನ್ರಿ, ತಿನ್ರಿ. ಉಪ್ಪಿಟ್ಟಿಗೆ ಷರತ್ತಿಲ್ಲ."

ಟ್ರೈನಿಂಗ್ ಮುಗಿಸಿದ ನನಗೆ ಕ್ಯಾಸನೂರಿನ ಕಡೆಯ ಹಳ್ಳಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಚಿಕ್ಕಪ್ಪ ಜೊತೆಗೆ ಬಂದು ಬಿಟ್ಟುಹೋದರು, ಅಂದರೆ ಹೋದರೆಂದು ನಾನು ತಿಳಿದಿದ್ದೆ. ಮಧ್ಯಾಹ್ನ ಹೊರಗೆ ಮಾತು ಕೇಳಿ ಕಿಟಕಿಯಿಂದ ಇಣುಕಿದೆ. ಹಲಸಿನ ಮರದ ಬುಡದಲ್ಲಿ ಅವರು ಕೂತಿದ್ದರು. ಎದುರಿಗೆ ಹೆಡ್‌ಮಾಸ್ತರು ನಿಂತು, "ಯಾರು ಬೇಕಾಗಿತ್ತು?" ಎಂದು ಕೇಳುತ್ತಿದ್ದರು.

"ಯಾರೂ ಬ್ಯಾಡ ರೀ," ಎಂದರು ಚಿಕ್ಕಪ್ಪ, ದನಿ ತಗ್ಗಿಸಿ. "ನಮ್ಮ ಹುಡುಗಿ ಪಾಠ ಹೇಳೋದು ಇಲ್ಲಿಗೆ ಕೇಳಿಸ್ತೈತಿ."